ಲ್ಯಾಪ್‌ಟಾಪ್ ತಿಂದ ಸೋಬಾನೆ

ನಮ್ಮ ಅಕ್ಕ ಹಾಡಲು ಕೂತರೆ ಕೇಳುವವರಿಗೂ ಕೆಲಸ ತಪ್ಪಿದ್ದಲ್ಲ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ. ನಮ್ಮವರ ಅಣ್ಣನ ಹೆಂಡತಿ. ಸೋಬಾನೆ ಪದದ ರೀತಿಯೇ ಹಾಗೆ. ಒಬ್ಬಳು ಒಂದು ಸೊಲ್ಲು ಹೇಳಬೇಕು, ಉಳಿದವರು ಅದನ್ನೇ ಹಿಡಿದು ತಿರುಗಿ ಹೇಳಬೇಕು. ಅಷ್ಟರಲ್ಲಿ ಮೊದಲಿನವಳು ಉಸಿರು ತೆಗೆದುಕೊಂಡು ಮುಂದಿನದನ್ನು ನೆನಪಿಗೆ ತಂದುಕೊಳ್ಳುತ್ತಾಳೆ. ಶಿಕಾರಿಪುರದಿಂದ ಸೊರಬದವರೆಗೆ ನಮ್ಮ ಬಳಗದಲ್ಲಿ ಯಾರ ಮನೆಯ ಮದುವೆಯಾದರೂ ಹೆಣ್ಣನ್ನು ಹಸೆಗೆ ಕರೆಯುವ ಪದಕ್ಕೆ ಸೊಲ್ಲು ಹೇಳುವವಳು ಅಕ್ಕನೇ. ಹುಡುಗಿ ಒಳಮನೆಯಲ್ಲಿ ಸಿಂಗಾರವಾಗಿ ನಿಂತಿರುತ್ತಾಳೆ, ಪದ ಕರೆದ ಮೇಲೆಯೇ ಹೊಸ್ತಿಲು ದಾಟುತ್ತಾಳೆ.

ಇಂಥ ಅಕ್ಕನ ಗಂಟಲಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಶಿವಮೊಗ್ಗದ ಡಾಕ್ಟರು ಪರೀಕ್ಷೆ ಎಲ್ಲ ಮಾಡಿ, ಹೆದರುವಂಥದ್ದೇನೂ ಇಲ್ಲ, ಆದರೆ ತೆಗೆಯಲೇಬೇಕು ಎಂದರು. ದನಿಯ ನರ ಅದರ ಪಕ್ಕದಲ್ಲೇ ಹಾದುಹೋಗುತ್ತದಂತೆ. ಆಪರೇಷನ್ ಆದ ಮೇಲೆ ದನಿ ಒಡೆಯಬಹುದು, ಮೊದಲಿನಂತಾಗಲು ತಿಂಗಳುಗಳೇ ಹಿಡಿಯಬಹುದು, ಆಗದೆಯೂ ಇರಬಹುದು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. ಮಗಳ ಮದುವೆ ಆಗಲೇ ಗೊತ್ತಾಗಿತ್ತು.

"ಮಗಳನ್ನ ಹಸೆಗೆ ಕರೆಯಾಕೆ ಆಗ್ತೈತೇನ್ರೀ?"

"ನೋಡೋಣಮ್ಮ" ಎಂದರು ಡಾಕ್ಟರು.

ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅಕ್ಕ ಹೇಳಿದಳು, "ನೋಡೋಣ ಅಂದ್ರ ಇಲ್ಲ ಅಂತ್ಲೇ ಕಣೇ." ಊರೂರಿನ ಹೆಣ್ಣುಮಕ್ಕಳನ್ನು ಹಸೆಗೆ ಕರೆದವಳು ತನ್ನ ಮಗಳ ಸರದಿಗೆ ಬಾಯಿ ಮುಚ್ಚಿ ಕೂರಬೇಕು. ಸಂಕಟವಾದಾಗ ನಾನು ಸುಮ್ಮನಿರುವ ಪೈಕಿಯಲ್ಲ, ಏನಾದರೊಂದು ಹೇಳಿಬಿಡುತ್ತೇನೆ.

"ಆಪರೇಷನ್ನಿಗೆ ಮುಂಚೆ ನಿನ್ನ ಪದ ರೆಕಾರ್ಡ್ ಮಾಡಿಬಿಡೋಣ ಅಕ್ಕ. ಮದುವೆ ದಿನ ಮೈಕಿನಲ್ಲಿ ಹಾಕೋಣ. ನನ್ನ ಲ್ಯಾಪ್‌ಟಾಪ್ ಇದೆಯಲ್ಲ!"

ನಾನು ಸೊರಬದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು. ಕಂಪ್ಯೂಟರಿನಲ್ಲಿ ಆನ್‌ಲೈನ್ ಪಾಠ ಮಾಡಿ, ಮಕ್ಕಳ ಮನೆಗಳ ಕುಕ್ಕರ್ ಸೀಟಿಯನ್ನೆಲ್ಲ ಕೇಳಿ ಪಳಗಿದವಳು. ಒಂದು ಪದ ರೆಕಾರ್ಡ್ ಮಾಡುವುದು ಏನು ಮಹಾ ಎಂದುಕೊಂಡೆ. ಒಂದು ಮೈಕನ್ನೂ ತರಿಸಿಕೊಂಡು, ಶನಿವಾರದ ಬೆಳಗಿನ ಕ್ಲಾಸು ಮುಗಿಸಿ ಶಿಕಾರಿಪುರದ ಬಸ್ಸು ಹತ್ತಿದೆ. ಅಂಜನಾಪುರದ ಕಾಲುವೆ ಪಕ್ಕದ ನಮ್ಮೂರಿನ ಮನೆಯಲ್ಲಿ ಭಾವ ಕುರಿಗಳನ್ನು ಹಿತ್ತಲಿಗೆ ಅಟ್ಟಿ, ನಡುಮನೆ ಗುಡಿಸಿ, ಯಾರೋ ಸಾಹೇಬರು ಬರುತ್ತಾರೆ ಎನ್ನುವಂತೆ ಕಾಯುತ್ತಿದ್ದರು.

ಮೊದಲ ಸಲ ರೆಕಾರ್ಡ್ ಮಾಡಿ ಹಾಕಿದರೆ ಹಾಡಿಗಿಂತ ಮೊದಲು ಗುಂಯ್ ಎನ್ನುವ ಸದ್ದು. ಅಕ್ಕನ ಪದಕ್ಕೆ ಜೇನುಹುಳಗಳು ಶ್ರುತಿ ಹಿಡಿದಂತಿತ್ತು.

"ಇದು ನನ್ನ ಗಂಟ್ಲಾಗಿನ ಗಡ್ಡೆ ಸದ್ದೇನೇ?" ಎಂದಳು ಅಕ್ಕ.

"ಅಲ್ಲ ಮಾರಾಯ್ತಿ, ಸುಮ್ನಿರು!"

ಫ್ಯಾನ್ ಆರಿಸಿದೆ, ಗುಂಯ್ ನಿಲ್ಲಲಿಲ್ಲ. ಅಡುಗೆಮನೆಯ ಫ್ರಿಜ್ ಆರಿಸಿದೆ, ಹಾಲು ಕೆಡುತ್ತದೆ ಎಂದು ಭಾವ ಗೊಣಗಿದರು, ಗುಂಯ್ ಮಾತ್ರ ಹಾಗೇ ಇತ್ತು. ಸಿಟ್ಟಿನಲ್ಲಿ ಚಾರ್ಜರ್ ಕಿತ್ತು ಎಸೆದೆ. ತಕ್ಷಣ ಸದ್ದು ನಿಂತಿತು! ಹಳೆಯ ವೈರಿಂಗಿನ ಮನೆ, ಅರ್ಥಿಂಗ್ ಸರಿ ಇರಲಿಲ್ಲ. ಗೋಡೆಯ ಕರೆಂಟಿನ ಗುಂಗು ಚಾರ್ಜರಿನ ವೈರಿನಲ್ಲಿ ಹರಿದು ಹಾಡಿನೊಳಗೆ ಸೇರುತ್ತಿತ್ತು. ನಾನು ಇದನ್ನು ಬುದ್ಧಿಯಿಂದ ಕಂಡುಹಿಡಿದೆ ಎಂದು ನಮ್ಮವರಿಗೆ ಫೋನಿನಲ್ಲಿ ಹೇಳಿದೆ, ಎಸೆದ ಸಂಗತಿ ಹೇಳಲಿಲ್ಲ.

ಗುಂಯ್ ಹೋಯಿತು, ಆದರೆ ಹಾಡು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಮೈಕನ್ನು ಅಕ್ಕನ ಬಾಯಿಗೆ ಹತ್ತಿರ ಹಿಡಿದೆ, ಇನ್ನೂ ಹತ್ತಿರ ಹಿಡಿದೆ. "ನುಂಗ್ಲೇನೇ ಇದನ್ನ?" ಎಂದಳು. ಬಾವಿ ಬಾವಿಯೇ. ಅಷ್ಟರಲ್ಲಿ ಅವಳ ಮಗಳು ಚಹಾ ತಂದು ಲೋಟವನ್ನು ಲ್ಯಾಪ್‌ಟಾಪಿನ ಪಕ್ಕ ಕುಟ್ಟಿದಳು. ಪರದೆಯ ಮೇಲೆ ದನಿಯ ಹಸಿರು ಗೆರೆ ನೆಗೆದು ಕುಣಿಯಿತು. ಮೈಕಿನ ತಲೆಗೆ ಬೆರಳಿನಿಂದ ಮೊಟಕಿದೆ, ಗೆರೆ ಅಲುಗಲೇ ಇಲ್ಲ. ಅಲ್ಲಿಗೆ ಗೊತ್ತಾಯಿತು. ಅಷ್ಟು ಹೊತ್ತೂ ಲ್ಯಾಪ್‌ಟಾಪ್ ಹೊಸ ಮೈಕಿನ ಮಾತು ಕೇಳಿರಲೇ ಇಲ್ಲ, ತನ್ನ ಮೈಯಲ್ಲಿರುವ ತೂತಿನಿಂದಲೇ ಕೇಳುತ್ತಿತ್ತು. ಸೆಟ್ಟಿಂಗಿನಲ್ಲಿ ಹೊಸ ಮೈಕನ್ನು ಆಯ್ದುಕೊಂಡೆ. ಅಕ್ಕ ಚಹಾ ಕುಡಿಯುತ್ತಾ ಮೈಕನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು, ಅಷ್ಟೇ.

ಆಮೇಲೂ ಖಾಲಿ ಕೋಣೆಯ ಮಾರ್ದನಿ ಉಳಿದಿತ್ತು. ಬರಿಗೋಡೆ, ತಾರಸಿ ಮನೆ, ಹೇಳಿದ ಮಾತು ಎರಡೆರಡು ಸಲ ಕೇಳುತ್ತಿತ್ತು. ಗೋಡೆಗೆ ದಪ್ಪನೆಯ ಬಟ್ಟೆ ತೂಗುಹಾಕಬೇಕು ಎಂದು ಎಲ್ಲೋ ಓದಿದ್ದೆ. ಕುರಿ ಸಾಕುವ ಮನೆಯಲ್ಲಿ ಕಂಬಳಿಗೆ ಬರವೇ? ಒಂದೊಂದಾಗಿ ಮೊಳೆಗೆ ಸಿಕ್ಕಿಸುತ್ತಾ ಬಂದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಹೊಸ ಕರಿಕಂಬಳಿಗೆ ಕೈ ಹಾಕಿದಾಗ ಭಾವ ಹೌಹಾರಿದರು.

"ಅದನ್ನ ಮುಟ್ಟಬ್ಯಾಡಮ್ಮ! ಮಗಳ ಹಸೆಗೆ ಹಾಸೋದು ಅದು. ಅದನ್ನ ಒಯ್ದು ಮೊಳೆಗೆ ಹಾಕ್ತಾರೇನು?"

ನಮ್ಮಲ್ಲಿ ಕಂಬಳಿ ಹಾಸದೆ ಹಸೆಯಿಲ್ಲ, ಆ ಮಾತು ನನಗೂ ಗೊತ್ತಿತ್ತು. ಅದನ್ನು ಬಿಟ್ಟು ಉಳಿದವನ್ನೆಲ್ಲ ಕಟ್ಟಿದೆ. ಅಕ್ಕ ನಡುವೆ ಕೂತು ಮೂಗು ಮುರಿದಳು. "ಕುರಿದೊಡ್ಡಿಯಾಗ ಕುಂತಂಗಾತು." ಆದರೆ ಮಾರ್ದನಿ ಹೋಗಿತ್ತು.

ಇನ್ನೇನು ಎಲ್ಲ ಸರಿಹೋಯಿತು ಎಂದರೆ ಅಕ್ಕ ಬಾಯಿ ತೆಗೆಯಲೊಲ್ಲಳು. ಒಂದು ಸೊಲ್ಲು ಹೇಳುವುದು, ನಿಲ್ಲುವುದು, ನನ್ನ ಮುಖ ನೋಡುವುದು. ಪಕ್ಕದ ಮನೆಯವರನ್ನೆಲ್ಲ ನಾನೇ ಸದ್ದಾಗುತ್ತದೆಂದು ಹೊರಗೆ ಕಳಿಸಿದ್ದೆ.

"ಸೊಲ್ಲು ಹಿಡಿಯೋರಿಲ್ದ ಹೆಂಗ ಹಾಡ್ಲೇ? ಮುಂದಿಂದು ನೆಪ್ಪಿಗೇ ಬರಂಗಿಲ್ಲ."

ನಾನು ಹಿಡಿದೆ. ನನ್ನ ರಾಗ ಕೇಳಿ ಅಕ್ಕನಿಗೆ ಬರುತ್ತಿದ್ದದ್ದೂ ಮರೆತುಹೋಯಿತು. ಕೊನೆಗೆ ಮಗಳನ್ನೇ ಕರೆದೆವು. ತನ್ನನ್ನೇ ಹಸೆಗೆ ಕರೆಯುವ ಪದಕ್ಕೆ ತಾನೇ ದನಿಗೂಡಿಸುವುದೇ ಎಂದು ಅವಳು ನಾಚಿ ಒದ್ದಾಡಿದಳು. "ಜನ ನಗ್ತಾರ ಚಿಕ್ಕಮ್ಮ." "ನಗಲಿ, ಕೂತ್ಕೋ" ಎಂದೆ. ದನಿ ಜೋರಾದೀತೆಂದು ಅವಳನ್ನು ದೂರ, ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದೆ. ಹಿತ್ತಲ ಕುರಿಗಳ ಸದ್ದು ಬೀಳದಿರಲಿ ಎಂದು, ಗದ್ದಲ ಅಳಿಸುವ ಸೌಲಭ್ಯವೊಂದಿತ್ತು, ಅದನ್ನೂ ಪೂರಾ ಏರಿಸಿದೆ. ತಾಯಿ ಹೇಳಿದಳು, ಮಗಳು ಹಿಡಿದಳು, ಪದ ಕೊನೆಮುಟ್ಟಿತು. ಖುಷಿಯಿಂದ ಹಾಕಿ ಕೇಳಿದೆವು.

ಅಕ್ಕನ ದನಿ ತೊಳೆದಿಟ್ಟ ಹಾಗೆ ಸ್ವಚ್ಛವಾಗಿತ್ತು. ಒಂದು ಸೊಲ್ಲು ಬಂತು. ಅದರ ಕೊನೆಯಲ್ಲಿ ಅವಳು ಎಳೆಯುವ ರಾಗ ಇದೆಯಲ್ಲ, ಅದು ಕತ್ತರಿಸಿದಂತೆ ನಿಂತಿತು. ಆಮೇಲೆ ಏನೂ ಇಲ್ಲ. ಆಮೇಲೆ ಮುಂದಿನ ಸೊಲ್ಲು. ಮತ್ತೆ ಏನೂ ಇಲ್ಲ. ಲ್ಯಾಪ್‌ಟಾಪ್ ಕುರಿಯನ್ನು ಅಳಿಸಿತ್ತು, ಒಂದೇ ಸಮನೆ ಎಳೆದ ರಾಗವನ್ನು ಯಾವುದೋ ಮೋಟಾರು ಎಂದುಕೊಂಡು ಅಳಿಸಿತ್ತು, ದೂರ ಕೂತಿದ್ದ ಮಗಳ ದನಿಯನ್ನು ಬುಡಸಮೇತ ಅಳಿಸಿತ್ತು.

"ನಿನ್ನ ಮಗಳನ್ನೇ ತೆಗೆದುಹಾಕಿದೆಯಲ್ಲೇ ಅಕ್ಕ ಇದು!" ಎಂದು ತಲೆ ಚಚ್ಚಿಕೊಂಡೆ.

"ಈಗ್ಲೇ ಗಂಡನ ಮನಿಗೆ ಕಳಿಸ್ತಲ್ಲೇ" ಎಂದು ಅಕ್ಕ ನಗತೊಡಗಿದಳು. ನಗುತ್ತಾ ನಗುತ್ತಾ ಕೆಮ್ಮಿದಳು. ಕೆಮ್ಮು ಬಂದಾಗ ಗಂಟಲ ಮೇಲೆ ಕೈಯಿಟ್ಟುಕೊಂಡಳು. ಮಗಳು ಓಡಿ ನೀರು ತಂದಳು. ನನಗೆ ತುಂಬ ಹೆದರಿಕೆಯಾಗಿತ್ತು.

ಗದ್ದಲ ಅಳಿಸುವ ಸೌಲಭ್ಯವನ್ನು ಬಂದ್ ಮಾಡಿ, ತಾಯಿ ಮಗಳನ್ನು ಮೈಕಿನ ಎದುರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿ ಮತ್ತೆ ಮಾಡಿದೆ. ಈ ಸಲ ಎಲ್ಲವೂ ಬಂತು. ರಾಗ ಬಂತು, ಉಸಿರು ಬಂತು, ಮಗಳ ಸಣ್ಣ ದನಿ ಬಂತು. ನಡುವೆ ಒಂದು ಕುರಿಯೂ ಬಂತು, ಇರಲಿ ಎಂದು ಬಿಟ್ಟೆ. ಹಳೆಯ ಕೆಟ್ಟದ್ದನ್ನು ಅಳಿಸಹೊರಟಾಗ ಅಕ್ಕ ಕೈ ಹಿಡಿದಳು. "ಅದು ದನಿ ತಿಂದಿದ್ದೂ ಇರ್ಲಿ ಬಿಡು, ನಗಾಕಾತು."

ಆಪರೇಷನ್ ಚೆನ್ನಾಗಿ ಆಯಿತು. ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ದನಿ ಮಾತ್ರ ಡಾಕ್ಟರು ಹೇಳಿದಂತೆಯೇ ಒಡೆಯಿತು. ಅಕ್ಕ ಮಾತಾಡಿದರೆ ಒಣಗಿದ ತೆಂಗಿನಗರಿ ಎಳೆದಂತೆ ಕೇಳುತ್ತಿತ್ತು. ಹಾಡಿನ ಮಾತಂತೂ ದೂರವೇ. "ಇರ್ಲಿ ತಗ, ಪದ ಐತಲ್ಲ" ಎನ್ನುತ್ತಿದ್ದಳು. ಅವಳು ಹಾಗೆ ಅಂದಾಗಲೆಲ್ಲ ನಾನು ಒಳಗೊಳಗೇ ಬೀಗುತ್ತಿದ್ದೆ.

ಮದುವೆಯ ದಿನ ಮನೆಮುಂದಿನ ಚಪ್ಪರದಲ್ಲಿ ಆ ಕರಿಕಂಬಳಿಯ ಮೇಲೆ ಹಸೆ ಸಿದ್ಧವಾಯಿತು. ಮೈಕ್‌ಸೆಟ್ಟಿನವರ ವೈರಿಗೆ ನನ್ನ ಲ್ಯಾಪ್‌ಟಾಪ್ ಸೇರಿಸಿ, ಚಾರ್ಜರ್ ಮರೆಯದೆ ಕಿತ್ತು, ರೇಷ್ಮೆ ಸೀರೆಯಲ್ಲಿ ಠೀವಿಯಿಂದ ಕೂತೆ. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಸೊಲ್ಲು ಹಿಡಿಯಲು ಸಾಲಾಗಿ ಕೂತರು. ಒಳ್ಳೆಯ ಫೈಲನ್ನು ಹಾಕಿದೆ.

ಅಕ್ಕನ ಹಳೆಯ ದನಿ ಚಪ್ಪರದ ತುಂಬ ಹರಡಿತು. ಸೊಲ್ಲು ಮುಗಿಯಿತು. ಹೆಂಗಸರು ಬಾಯಿ ತೆಗೆದರು. ಅವರಿಗಿಂತ ಮೊದಲು ಸ್ಪೀಕರ್ ಪೆಟ್ಟಿಗೆಯೊಳಗಿನ ಮಗಳ ದನಿ ಹಿಡಿದುಬಿಟ್ಟಿತು. ಬಾಯಿ ಮುಚ್ಚಿದರು. ಎರಡನೆಯದಕ್ಕೂ ಹಾಗೇ ಆಯಿತು. ಆಮೇಲೆ ಅವರು ರೇಡಿಯೋ ಕೇಳುವವರ ಹಾಗೆ ಕೂತರು. ಒಬ್ಬರು ಎಲೆಅಡಿಕೆ ಚೀಲ ಬಿಚ್ಚಿದರು, ಇಬ್ಬರು ಸರದ ಡಿಸೈನು ನೋಡತೊಡಗಿದರು. ನನ್ನ ಪಕ್ಕದ ಅಜ್ಜಿ, "ಚೆಂದ ಐತ್ರೀ. ನಮಗ ಜಾಗಾನ ಇಲ್ಲ ನೋಡ್ರಿ" ಎಂದರು. ಹುಡುಗಿ ಹೊಸ್ತಿಲ ಒಳಗೇ ನಿಂತಿದ್ದಳು. "ನಡಿಯೇ" ಎಂದರೆ ತಲೆಯಾಡಿಸಿದಳು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಕರೆಯುತ್ತಿದ್ದದ್ದು ಪೆಟ್ಟಿಗೆ.

ಅಕ್ಕ ಬಾಗಿಲ ಬಳಿಯಿಂದ ಎದ್ದು ಬಂದು ನನ್ನ ಕಿವಿಯಲ್ಲಿ ಉಸುರಿದಳು, "ತಿಂದಿದ್ದು ಹಾಕು."

"ಅದು ಕೆಟ್ಟಿದ್ದು ಕಣೇ ಅಕ್ಕ! ಇಷ್ಟು ಜನರ ಮುಂದೆ..."

"ಹಾಕೇ."

ಗೋಡೆ ತುಂಬ ಕಂಬಳಿ ಕಟ್ಟಿ ದುಡಿದದ್ದೆಲ್ಲ ನೀರುಪಾಲಾಯಿತೆಂದು ನನಗೆ ಸಿಟ್ಟೇ ಬಂತು. ಆದರೂ ಹಾಕಿದೆ. ಸೊಲ್ಲು ಬಂತು, ಅದರ ತುದಿ ಕತ್ತರಿಸಿ ಬಿತ್ತು, ಚಪ್ಪರ ಮೌನವಾಯಿತು. ನನ್ನ ಕಿವಿ ಬಿಸಿಯಾಯಿತು. ಆ ಖಾಲಿಯೊಳಕ್ಕೆ ಪಕ್ಕದ ಅಜ್ಜಿ, ಯಾರೂ ಹೇಳದೆ ಕೇಳದೆ, ಸೊಲ್ಲು ಹಿಡಿದರು. ಎರಡನೆಯದಕ್ಕೆ ಅರ್ಧ ಚಪ್ಪರ ಹಿಡಿಯಿತು. ಮೂರನೆಯದಕ್ಕೆ ಎಲೆಅಡಿಕೆ ಚೀಲದವರೂ ಬಾಯಲ್ಲಿದ್ದದ್ದನ್ನು ಉಗಿದು ಬಂದು ಸೇರಿದರು. ಲ್ಯಾಪ್‌ಟಾಪ್ ತಿಂದ ರಾಗವನ್ನೆಲ್ಲ ಅವರು ಎಳೆದೆಳೆದು ತುಂಬಿದರು. ಹುಡುಗಿ ಹೊಸ್ತಿಲು ದಾಟಿದಳು. ತಲೆ ತಗ್ಗಿಸಿ ಬರುತ್ತಿದ್ದವಳ ತುಟಿ ಅಲುಗುತ್ತಿತ್ತು, ಯಾರೂ ನಗಲಿಲ್ಲ.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಒಂದು ಹರಕು ದನಿ ಕೇಳಿಸಿತು. ತಿರುಗಿ ನೋಡಿದೆ. ಅಕ್ಕ ಗಂಟಲ ಮೇಲೆ ಕೈಯಿಟ್ಟುಕೊಂಡು, ಉಳಿದ ಹೆಂಗಸರ ಜೊತೆ ಸೊಲ್ಲು ಹಿಡಿಯುತ್ತಿದ್ದಳು. ಜೀವಮಾನವೆಲ್ಲ ಸೊಲ್ಲು ಹೇಳಿದವಳು ಅಂದು ಮೊದಲ ಸಲ ತನ್ನದೇ ಸೊಲ್ಲನ್ನು ತಾನು ಹಿಡಿದು ಮಗಳನ್ನು ಹಸೆಗೆ ಕರೆದಳು.