ಎಡಗೈಗೊಂದು ಉತ್ತರ

ರವಿವಾರ, ೨೧ ಆಗಸ್ಟ್ ೧೯೫೫. ಮಧ್ಯಾಹ್ನ ಮೂರೂಕಾಲು. ಯಲಬುರ್ಗಾ.

ಆ ದಿನಗಳಲ್ಲಿ ಕೊಪ್ಪಳದ ಸ್ಟೇಷನ್ನಿನಲ್ಲಿ ಯಾವುದೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಗಾಡಿ ಬರುತ್ತಿತ್ತು, ನೀರು ಕುಡಿದು ಹೋಗುತ್ತಿತ್ತು. ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುವ ಮಂದಿ ಬೇವಿನ ಎಲೆ ಹಿಡಿದು ಬರುತ್ತಿದ್ದರು, ಅವರೂ ಹೋಗುತ್ತಿದ್ದರು. ಯುದ್ಧ ಶುರುವಾದ ಮೇಲಂತೂ ಮಿಲಿಟರಿ ಗಾಡಿಗಳು ಯಾವಾಗ ಬರುತ್ತವೆ, ಯಾವಾಗ ಹೋಗುತ್ತವೆ ಎಂದು ಸ್ಟೇಷನ್ ಮಾಸ್ತರರಿಗೇ ಗೊತ್ತಿರುತ್ತಿರಲಿಲ್ಲ. ನಿಂತಲ್ಲೇ ನಿಂತವರೆಂದರೆ ಕ್ವಾರ್ಟರ್ಸಿನ ನಾವು. ಅಪ್ಪ ಹಳಿ ನೋಡುವ ಗ್ಯಾಂಗಿನಲ್ಲಿದ್ದ.

ನಾನು ಬರೆಯುತ್ತಿರುವುದು ೧೯೪೪ರ ದೀಪಾವಳಿ ಕಳೆದ ಮೇಲಿನ ಚಳಿಗಾಲದ ಮಾತು. ನನಗಾಗ ಒಂಬತ್ತು ವರ್ಷ. ಆಗಿನ್ನೂ ದಿನಚರಿ ಬರೆಯುತ್ತಿರಲಿಲ್ಲ, ಹಾಗಾಗಿ ಹಬ್ಬಗಳನ್ನೇ ಗುರುತಾಗಿಟ್ಟುಕೊಂಡು ಹೇಳುತ್ತೇನೆ.

ನಾನು ಎಡಚಿ. ತಾಯಿಯ ಹಾಲು ಬಿಟ್ಟಾಗಿನಿಂದ ಎಡಗೈಯೇ ಮುಂದೆ. ಸಾಲಿಯಲ್ಲಿ ಉರ್ದು ಕಲಿಸುತ್ತಿದ್ದರು. ಅದು ಬಲದಿಂದ ಎಡಕ್ಕೆ ಹೋಗುವ ಬರಹ, ನನ್ನ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಕನ್ನಡ ಬರೆದರೆ ಮಾತ್ರ ನನ್ನ ಅಕ್ಷರ ನನ್ನ ಅಂಗೈಯಿಂದಲೇ ಅಳಿಸಿಹೋಗುತ್ತಿತ್ತು. ಮಾಸ್ತರರು ಎರಡಕ್ಕೂ ಹೊಡೆಯುತ್ತಿದ್ದರು.

ಹೊಡೆತ ಸಹಿಸಬಹುದಿತ್ತು. ಸಹಿಸಲಾಗದ್ದು ಚರಗದ ಮಾತು.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಪೈರಿನ ನಡುವೆ ಭೂಮಿತಾಯಿಗೆ ಎರಚುತ್ತಾರೆ. ಅದೇ ಚರಗ. ಮುಂದೆ ಹೋಗುವವರು "ಹುಲ್ಲುಲ್ಲಿಗೋ" ಎಂದು ಎರಚಿದರೆ, ಹಿಂದೆ ಬರುವವರು ನೀರು ಚಿಮುಕಿಸುತ್ತ "ಸಲಾಂಬ್ರಿಗೋ" ಎನ್ನಬೇಕು. ಹಿಂದಿನ ವರ್ಷ ಎರಚಿದವಳು ನಾನು. ನಾಲ್ಕು ಹಿಡಿ ಬಲಗೈಯಲ್ಲಿ ಹೋಯಿತು. ಐದನೆಯದಕ್ಕೆ ಖುಷಿ ಹೆಚ್ಚಾಗಿ ಎಡಗೈ ಎದ್ದಿತು. ಆಯಿ, ಅಂದರೆ ಅಪ್ಪನ ತಾಯಿ, ನೋಡಿದಳು. ಆ ವರ್ಷ ನಮ್ಮ ಹೊಲದ ಜೋಳದ ತೆನೆಗೆ ಕಾಡಿಗೆ ರೋಗ ಬಿತ್ತು. ಕಾಳಿನೊಳಗೆ ಬರೀ ಕರೀ ಪುಡಿ.

"ತಾಯಿಗೆ ಎಡಗೈಲೆ ಉಣಿಸಿದ್ರ ಆಕಿನೂ ಹಂಗ ಕೊಡತಾಳ," ಎಂದಳು ಆಯಿ. "ಈ ಸಲ ಮಲ್ಲ್ಯಾ ಚೆಲ್ಲಲಿ."

ಮಲ್ಲ್ಯಾ ನನ್ನ ಅಪ್ಪನ ತಮ್ಮನ ಮಗ, ನಮ್ಮ ಮನೆಯಲ್ಲೇ ಇದ್ದವ, ನನಗಿಂತ ಒಂದು ವರ್ಷ ದೊಡ್ಡವ, ಮೂಗು ಒರೆಸಿಕೊಳ್ಳುವುದಕ್ಕೂ ಬಲಗೈ ಬಳಸುವ ಪುಣ್ಯವಂತ. ನಾನು ಅತ್ತು ರಂಪ ಮಾಡಿದೆ. ಕೊನೆಗೆ ಆಯಿ ಒಂದು ಕರಾರು ಹಾಕಿದಳು. ಎಡಗೈ ಮುಂದೆ ಬಂದಾಗೆಲ್ಲ ಒಲೆಯ ಗೋಡೆಗೆ ಒಂದು ಇದ್ದಲಿ ಗೀಟು ಎಳೆಯಬೇಕು. ಅಮಾವಾಸ್ಯೆಯ ಹೊತ್ತಿಗೆ ಗೀಟು ಬೀಳುವುದು ನಿಂತಿದ್ದರೆ ಚರಗ ನನ್ನದು.

ನಾನು ಪ್ರಾಮಾಣಿಕವಾಗಿ ಎಳೆದೆ. ಗೀಟು ಎಳೆಯುತ್ತಿದ್ದದ್ದೂ ಎಡಗೈಯಲ್ಲೇ ಎಂದು ಮೂರನೆಯ ದಿನ ಮಲ್ಲ್ಯಾ ಕಂಡುಹಿಡಿದ.

ಅದೇ ವಾರ ಗೂಡ್ಸ್ ಶೆಡ್ಡಿನ ಹಿಂದಿನ ಹಳಿಗೆ ಆರು ಮಿಲಿಟರಿ ವ್ಯಾಗನ್ನು ತಂದು ನಿಲ್ಲಿಸಿದರು. ಕಾವಲಿಗೆ ನಾಲ್ಕು ಮಂದಿ ಸಿಪಾಯಿಗಳು, ಬೇವಿನ ಗಿಡದ ಕೆಳಗೆ ಒಂದು ಡೇರೆ. ಅಷ್ಟು ಕಪ್ಪಗಿನ, ಅಷ್ಟು ಎತ್ತರದ ಮಂದಿಯನ್ನು ನಾವು ಕಂಡಿರಲಿಲ್ಲ.

"ಹಬಶಿ ಮಂದಿ," ಎಂದರು ಪಕ್ಕದ ಮನೆಯ ಹುಸೇನ ಕಾಕಾ. ಅವರು ಹಳಿ ಬದಲಿಸುವ ಪಾಯಿಂಟ್ಸ್‌ಮನ್. "ಆಫ್ರಿಕಾದಿಂದ ಹಡಗಿನ್ಯಾಗ ಬಂದಾರ. ಬರ್ಮಾದ ಲಡಾಯಿಗೆ."

ಅವರಲ್ಲಿ ಒಬ್ಬನ ಬಲಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ ಇತ್ತು. ವ್ಯಾಗನ್ನಿನ ಬಾಗಿಲು ಬಿದ್ದು ಬೆರಳು ಜಜ್ಜಿಹೋಗಿದ್ದವಂತೆ. ಬಂದ ಮರುದಿನ ಅವನು ನೀರು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದ. ಬಾಗಿಲಿಗೆ ಬಂದವರು ಯಾರೇ ಇರಲಿ, ಆಯಿ ಬೆಲ್ಲ ಕೊಡದೆ ನೀರು ಕೊಟ್ಟವಳಲ್ಲ. ತಂಬಿಗೆ, ಒಂದು ತುಂಡು ಬೆಲ್ಲ ತಂದಳು. ಅವನು ಎಡಗೈ ಚಾಚಿದ.

ಆಯಿಯ ಕೈ ಹಿಂದಕ್ಕೆ ಸರಿಯಿತು.

ಅವನು ತಲೆ ತಗ್ಗಿಸಿ ಮೆಲ್ಲಗೆ, "ಮಿಯಾ ಲೋ," ಎಂದ.

ಕಟ್ಟೆಯ ಮೇಲೆ ಕೂತಿದ್ದ ಹುಸೇನ ಕಾಕಾ, "ಏನಪಾ, ನನ್ನ ಕರದ್ಯಾ?" ಎಂದು ಎದ್ದರು.

ಅವನು ನಗಲಿಲ್ಲ. ಆಯಿಯ ಮುಖವನ್ನೇ ನೋಡುತ್ತ ನಿಂತ, ಏನೋ ಬರಬೇಕಾದ್ದಕ್ಕೆ ಕಾಯುವವರ ಹಾಗೆ. ಆಯಿ ತಂಬಿಗೆಯನ್ನೂ ಬೆಲ್ಲವನ್ನೂ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಅವನು ಆಮೇಲೂ ಸ್ವಲ್ಪ ಹೊತ್ತು ಕಾದು, ನೀರು ಕುಡಿದು ಹೋದ. ಬೆಲ್ಲ ಅಲ್ಲೇ ಉಳಿಯಿತು, ಇರುವೆ ಹತ್ತಿತು.

ನನಗೆ ಆ ರಾತ್ರಿಯೆಲ್ಲ ಎಡಗೈ ತುರಿಸಿದ ಹಾಗಾಗುತ್ತಿತ್ತು. ಅವನು ಏನು ಅಂದ? ಯಾತಕ್ಕೆ ಕಾದ?

ಮರುದಿನ ಸಾಲಿ ಬಿಟ್ಟವಳೇ ಹುಸೇನ ಕಾಕಾನನ್ನು ಎಳೆದುಕೊಂಡು ಡೇರೆಗೆ ಹೋದೆ. ಆ ಸಿಪಾಯಿಗೆ ಹರಕುಮುರುಕು ಹಿಂದುಸ್ತಾನಿ ಬರುತ್ತಿತ್ತು, ಕಾಕಾಗೆ ಸ್ಟೇಷನ್ನಿನ ಇಂಗ್ಲಿಷು. ಎರಡನ್ನೂ ಹೊಲಿದು ಹೊಲಿದು ಕಾಕಾ ನನಗೆ ಕನ್ನಡ ಮಾಡಿ ಹೇಳಿದರು. ಅವನ ನಾಡು ಗೋಲ್ಡ್ ಕೋಸ್ಟ್. ಸಮುದ್ರ ಒಂದು ಕಡೆ, ಉಪ್ಪುನೀರಿನ ಕೆರೆ ಒಂದು ಕಡೆ, ನಡುವೆ ಮರಳಿನ ಮೇಲೆ ಅವನ ಊರು. ಅಲ್ಲೂ ಉಳ್ಳಾಗಡ್ಡಿ ಬೆಳೆಯುತ್ತಾರೆ. ಅವನಾಡುವ ಮಾತಿನ ಹೆಸರು ಎವೆ.

"ಮಿಯಾ ಅಂದ್ರ ಎಡ," ಎಂದರು ಕಾಕಾ. "ಅವರ ಕಡೀನೂ ಎಡಗೈಲೆ ಕೊಡೂದು ತಗೊಳ್ಳೂದು ಇಲ್ಲಂತ. ಭಾಳ ತಪ್ಪಂತ. ಹಂಗ ಮಾಡೂ ಪ್ರಸಂಗ ಬಂದ್ರ ಮೊದಲ 'ಮಿಯಾ' ಅನಬೇಕು. ಎಡಗೈ ಐತಿ, ಹೊಟ್ಟ್ಯಾಗ ಹಾಕ್ಕೋರಿ ಅಂತ."

"ಆಮ್ಯಾಲ?"

ಕಾಕಾ ಕೇಳಿದರು. ಅವನು ನನ್ನನ್ನೇ ನೋಡಿ ಹೇಳಿದ: "ಅಸಿಯೇ."

"ಅಸಿ ಅಂದ್ರ ಕೈ. ಎದುರಿನವರು ಹಿಂಗ ಅಂತಾರಂತ: ಅದೂ ಕೈಯ ಐತಿ."

"ಅಸಿಯೇ ಅನ್ನದಿದ್ರ?" ಎಂದು ಕೇಳಿಸಿದೆ.

ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಕಾಕಾ ಎರಡು ಸಲ ತಿರುಗಿಸಿ ಕೇಳಿದ ಮೇಲೆ ಹೇಳಿದ: "ಅನ್ನದ ಮಂದಿ ಇಲ್ಲ."

ಅವತ್ತಿನಿಂದ ನಾನು ಎವೆ ಕಲಿಯಲು ಹತ್ತಿದೆ. ಸಾಲಿಯಿಂದ ಬರುವಾಗ ದೂರದಿಂದಲೇ ವ್ಯಾಗನ್ನು ಎಣಿಸುತ್ತಿದ್ದೆ. ಆರೂ ಇದ್ದರೆ ಜೀವಕ್ಕೆ ಸಮಾಧಾನ. ಅವು ಇವತ್ತು ಹೋಗುತ್ತವೆ, ನಾಳೆ ಹೋಗುತ್ತವೆ ಎಂದು ದಿನವೂ ಒಬ್ಬರು ಹೇಳುವವರು. ಹಾಗಾಗಿ ಎಲ್ಲವನ್ನೂ ಅವಸರದಲ್ಲೇ ಕಲಿತೆ. ನೀರಿಗೆ ತ್ಸಿ. ಬಂದವರಿಗೆ ವೇಜೋ ಅನ್ನಬೇಕು, ಬಂದವರು ಯೋ ಅನ್ನಬೇಕು. ಉಪಕಾರ ನೆನೆಯಲು ಆಕ್ಪೆ. ಅದರಲ್ಲಿ 'ಕ್' ಮತ್ತು 'ಪ್' ಎರಡನ್ನೂ ಒಮ್ಮೆಲೇ ಬಿಡಬೇಕು, ಬಾಯಲ್ಲಿ ಗುಳ್ಳೆ ಒಡೆದ ಹಾಗೆ. ಮಾತಿನ ದನಿ ಏರಬೇಕಾದಲ್ಲಿ ಏರದಿದ್ದರೆ ಅವನು ಬಿಸ್ಕೀಟಿನ ಡಬ್ಬಿಯ ಮೇಲೆ ಕಡ್ಡಿಯಿಂದ ಟಿಕ್ ಟುಕ್ ಎಂದು ಬಾರಿಸಿ ತೋರಿಸುತ್ತಿದ್ದ. ಡೇರೆಯ ಸುತ್ತ ಸುಟ್ಟ ಮೀನು, ಸೀಮೆಎಣ್ಣೆ, ಬೇವಿನ ಹೊಗೆಯ ವಾಸನೆ.

ಅವನ ಹೆಸರು ಕೋಜೋ. ಹುಟ್ಟಿದ ವಾರವೇ ಅವರಲ್ಲಿ ಹೆಸರು. ಸೋಮವಾರ ಹುಟ್ಟಿದ ಗಂಡು ಕೋಜೋ.

"ಹಂಗಾರ ನಮ್ಮ ಸೋಮಣ್ಣ," ಎಂದರು ಕಾಕಾ. ಕ್ವಾರ್ಟರ್ಸಿಗೆಲ್ಲ ಅವನು ಸೋಮಣ್ಣನಾದ. ಮಂಗಳವಾರ, ಹುಲಿಗೆಮ್ಮನ ವಾರ ಹುಟ್ಟಿದ್ದಕ್ಕೆ ನಾನು ಹುಲಿಗೆವ್ವ; ಅವನ ಮಾತಿನಲ್ಲಿ ಅಬ್ಲಾ. ಬುಧವಾರ ಹುಟ್ಟಿದ ಮಲ್ಲ್ಯಾ ಕೊಕು.

"ಕೋಳಿ ಕರದಂಗ ಐತಿ," ಎಂದೆ ನಾನು. ಮಲ್ಲ್ಯಾ ಮತ್ತೆ ಡೇರೆಯ ಕಡೆ ಬರಲಿಲ್ಲ.

ಕಥೆ ಶುರು ಮಾಡುವಾಗ ಸೋಮಣ್ಣ "ಮಿಸೆ ಗ್ಲಿ ಲೋ," ಕಥೆ ಕೇಳಿರಿ, ಎನ್ನುತ್ತಿದ್ದ. "ಗ್ಲಿ ನೆವಾ," ಕಥೆ ಬರಲಿ, ಎಂದು ನಾವು ಅನ್ನುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮ ಆಯಿಯೂ ಅಷ್ಟೇ. ಹೂಂ ಅನ್ನದಿದ್ದರೆ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ಮಲಗಿಬಿಡುತ್ತಿದ್ದಳು. ಅವನ ಕಥೆಯಲ್ಲಿ ರಾಜಕುಮಾರನಿಲ್ಲ, ಎಲ್ಲರಿಗೂ ಟೋಪಿ ಹಾಕುವ ಒಂದು ಜೇಡ ಇತ್ತು.

ಮನೆಯಲ್ಲಿ ನಾನು ಒಂದೇ ಮಾತನ್ನು ರೂಢಿ ಮಾಡುತ್ತಿದ್ದೆ. ಎಡಗೈಯಲ್ಲಿ ಉಪ್ಪು ಕೊಟ್ಟರೆ "ಮಿಯಾ ಲೋ". ಸೌಟು ಕೊಟ್ಟರೆ "ಮಿಯಾ ಲೋ". ಎದುರಿನವರು ಏನೂ ಅನ್ನದಿದ್ದರೆ ಅವರ ಪಾಲಿನ "ಅಸಿಯೇ"ಯನ್ನೂ ನಾನೇ ಅಂದುಕೊಳ್ಳುತ್ತಿದ್ದೆ.

"ತಾನ ತಪ್ಪು ಮಾಡಿ ತಾನ ಮಾಫಿ ಮಾಡಿಕೊಂತಾಳ," ಎಂದು ಅವ್ವ ನಕ್ಕಳು.

ಆಯಿ ನಗಲಿಲ್ಲ. "ಗೀಟು ಎಳಿ," ಎಂದಳು.

"ಆಯಿ, ಅವರ ಕಡಿ ಹಂಗ ಅಂದ್ರ ನಡೀತೈತಿ."

"ಅವರ ಕಡಿ ನಡೀತೈತಿ. ನಮ್ಮ ಭೂಮಿತಾಯಿಗೆ ಹಡಗಿನ ಮಾತು ತಿಳಿತೈತೇನ?"

ಗೋಡೆ ಅರ್ಧ ಕಪ್ಪಾಗಿತ್ತು. ಅಮಾವಾಸ್ಯೆಗೆ ಎಂಟು ದಿನ ಉಳಿದಿತ್ತು.

ಆ ಹೊತ್ತಿಗೆ ನಡೆದ ಒಂದು ಸಣ್ಣ ಸಂಗತಿಯನ್ನು ನಾನು ಬಹಳ ಸಲ ನೆನೆದಿದ್ದೇನೆ. ಸೋಮಣ್ಣ ಒಂದು ಸಂಜೆ ನಮ್ಮ ಕಟ್ಟೆಗೆ ಬಂದಿದ್ದ. ಹಗ್ಗದ ಮೇಲೆ ಒಣಗಿಸಿದ್ದ ಆಯಿಯ ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿದ. ತನ್ನ ಅಪ್ಪ ಗೇಣಗಲದ ಪಟ್ಟಿ ನೇಯ್ದು, ಪಟ್ಟಿಗೆ ಪಟ್ಟಿ ಹೊಲಿದು ಹೊದಿಕೆ ಮಾಡುತ್ತಾನೆ ಎಂದ. ಆಮೇಲೆ ನಾನು ಕೊಟ್ಟ ತಂಬಿಗೆಯಿಂದ ಕುಡಿಯುವ ಮೊದಲು ನಾಲ್ಕು ಹನಿ ನೆಲಕ್ಕೆ ಬಿಟ್ಟ. ಆಯಿ ಹೊಸ್ತಿಲಲ್ಲಿ ನಿಂತಿದ್ದಳು.

"ಹುಸೇನಪ್ಪ, ಆ ನೀರು ಯಾಕ ಚೆಲ್ಲಿದಾ ಕೇಳು."

ಕಾಕಾ ಕೇಳಿ ಹೇಳಿದರು: "ಸತ್ತ ಹಿರ್ಯಾರಿಗಂತ್ರಿ. ಅವರು ಕುಡದ ಮ್ಯಾಲ ತಾನು ಕುಡೀತಾನಂತ."

ಆಯಿ ನೆಲದ ಹಸಿ ಆರುವ ತನಕ ನೋಡುತ್ತಿದ್ದಳು. ಒಳಗೆ ಹೋಗುವಾಗ, "ಅಮಾಸಿಗಿ ಆ ಹುಡುಗನ್ನೂ ಹೊಲಕ್ಕ ಕರ್ಕೊಂಡು ಬರ್ರಿ," ಎಂದಳು.

ಅಮಾವಾಸ್ಯೆಯ ಬೆಳಿಗ್ಗೆ ಗೋಡೆಯಲ್ಲಿ ಎರಡು ಹೊಸ ಗೀಟು ಇದ್ದವು. ಕರಾರು ಮುಗಿದಿತ್ತು. ಚರಗದ ಬಿದಿರ ಪುಟ್ಟಿ ಮಲ್ಲ್ಯಾನ ತಲೆಯ ಮೇಲೆ ಹೋಯಿತು. ಹೊಲದ ದಾರಿಯುದ್ದಕ್ಕೂ ನಾನು ಎಲ್ಲರಿಗಿಂತ ಹಿಂದೆ ನಡೆದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ತುಂಬಗಾಯಿ ಬದನೆ, ಪುಂಡಿಪಲ್ಯ, ಯಾವುದರ ವಾಸನೆಯೂ ಬೇಡವಾಗಿತ್ತು.

ಬನ್ನಿ ಗಿಡದ ಬುಡದಲ್ಲಿ ಪೂಜೆಯಾಯಿತು. ಬಂದ ಅತಿಥಿಗೆ ಮೊದಲು ಕೊಡಬೇಕೆಂದು ಆಯಿ ಒಂದು ಹೋಳಿಗೆ ಎತ್ತಿ ಸೋಮಣ್ಣನ ಮುಂದೆ ಹಿಡಿದಳು. ಪಟ್ಟಿ ಕಟ್ಟಿದ ಕೈ ಮಡಿಲಲ್ಲೇ ಇತ್ತು. ಎಡಗೈ ಚಾಚಿ, ತಲೆ ತಗ್ಗಿಸಿ ಅವನು ಅಂದ:

"ಮಿಯಾ ಲೋ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಈ ಸಲ ಆಯಿಯ ಕೈ ಹಿಂದಕ್ಕೆ ಸರಿಯಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಹೊಲದಲ್ಲಿ ಜೋಳದ ಗರಿ ಸರಸರ ಎನ್ನುತ್ತಿತ್ತು.

"ಅಸಿಯೇ," ಎಂದಳು ಆಯಿ. "ತಗೋಪಾ, ಅದೂ ಕೈಯ ಐತಿ."

ದನಿ ಏರಬೇಕಾದಲ್ಲಿ ಸರಿಯಾಗಿ ಏರಿತ್ತು. ನನ್ನ ಮಾತು ಕೇಳಿ ಕೇಳಿ ಅವಳಿಗೆ ಬಂದುಬಿಟ್ಟಿತ್ತು.

ಸೋಮಣ್ಣ ಹೋಳಿಗೆ ತಗೊಂಡು "ಆಕ್ಪೆ" ಎಂದ. ನಾನು ಎದ್ದು ನಿಂತಿದ್ದೆ. ಏನು ಕೇಳಬೇಕೆಂದು ತಿಳಿಯದೆ ನನ್ನ ಎಡಗೈಯನ್ನು ಆಯಿಯ ಮುಂದೆ ಚಾಚಿದೆ. "ಆಯಿ, ಮಿಯಾ ಲೋ."

ಆಯಿ ನನ್ನನ್ನು, ಮಲ್ಲ್ಯಾನನ್ನು, ಪೈರನ್ನು ನೋಡಿದಳು. ಪುಟ್ಟಿಯನ್ನು ಕೊಡಲಿಲ್ಲ. ನೀರಿನ ತಂಬಿಗೆ ಎತ್ತಿ ಆ ಕೈಗೆ ಕೊಟ್ಟಳು.

"ಮುಂದ ಮಲ್ಲ್ಯಾನ ಹೋಗಲಿ. ಹಿಂದ ನೀ ನೀರು ಹೊಡಿ. ಹಿಂದ ಅನ್ನೋರು ಇಲ್ಲಂದ್ರ ಮುಂದಿನಾವನ ಮಾತು ತಾಯಿಗೆ ಮುಟ್ಟೂದಿಲ್ಲ."

"ಹುಲ್ಲುಲ್ಲಿಗೋ" ಎಂದ ಮಲ್ಲ್ಯಾ. ನಾನು ತಂಬಿಗೆಯಲ್ಲಿ ಬೆರಳದ್ದಿ ಎಡಗೈಯಿಂದಲೇ ನೀರು ಚಿಮುಕಿಸುತ್ತ, ಗಂಟಲು ಹರಿಯುವ ಹಾಗೆ "ಸಲಾಂಬ್ರಿಗೋ" ಎಂದೆ. ಹೊಲದ ನಾಲ್ಕೂ ಬದು ಸುತ್ತಿ ಬಂದೆವು.

ಆ ವರ್ಷವೂ ನಾಲ್ಕಾರು ತೆನೆಗೆ ಕಾಡಿಗೆ ಬಿತ್ತು. ಆಯಿ ಇಬ್ಬನಿಯನ್ನು ಬೈದಳು.

ಅಮಾವಾಸ್ಯೆ ಕಳೆದು ಎಷ್ಟು ದಿನಕ್ಕೋ, ಸಾಲಿಯಿಂದ ಬರುವಾಗ ದೂರದಿಂದ ನೋಡಿದರೆ ಹಳಿ ಬರಿದಾಗಿತ್ತು. ಓಡಿದೆ. ಡೇರೆಯ ಗೂಟದ ಗುಳಿಗಳು, ಒಂದಿಷ್ಟು ಬೂದಿ, ಬೇವಿನ ಎಲೆ. ಹೋಗುವವರಿಗೆ ಅನ್ನುವ "ಹೆದೆ ನ್ಯುಯೆ" ಎಂಬ ಮಾತನ್ನು ಹಿಂದಿನ ದಿನವಷ್ಟೇ ಕಲಿತಿದ್ದೆ. ಸಿಗ್ನಲ್ಲಿನ ಕಡೆ ತಿರುಗಿ ಒಂದು ಸಲ ಅಂದು ಮನೆಗೆ ಬಂದೆ. ಅವನು ಬರ್ಮಾಕ್ಕೆ ಹೋದನೋ, ಊರಿಗೆ ಮರಳಿದನೋ, ಬೆರಳು ನೆಟ್ಟಗಾದವೋ ನಮಗೆ ತಿಳಿಯಲಿಲ್ಲ.

ಈಗ ನಾನು ಯಲಬುರ್ಗಾದಲ್ಲಿ ಸಾಲಿ ಮಕ್ಕಳಿಗೆ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಇಬ್ಬರು ಎಡಚರಿದ್ದಾರೆ. ಅವರ ಕೈಗೆ ಯಾರೂ ಹೊಡೆಯುವುದಿಲ್ಲ. ಕೊಪ್ಪಳದಲ್ಲಿ ಆ ಬೇವಿನ ಗಿಡ ಇಲ್ಲ. ಹುಸೇನ ಕಾಕಾ ಹೈದರಾಬಾದಿಗೆ ಮಗಳ ಮನೆಗೆ ಹೋದರು. ಎವೆ ಮಾತುಗಳಲ್ಲಿ ನನಗೆ ಉಳಿದಿರುವುದು ಮೂವತ್ತೊಂದು. ವರ್ಷಕ್ಕೊಮ್ಮೆ ಬರೆದು ನೋಡುತ್ತೇನೆ. ಹೋದ ವರ್ಷ ಮೂವತ್ನಾಲ್ಕಿದ್ದವು.

ಅದೇ ಹೋದ ವರ್ಷ ಆಯಿ ತೀರಿಕೊಂಡಳು. ಕೊನೆಯ ತನಕ ನಾನು ಎಡಗೈಯಲ್ಲಿ ಗುಳಿಗೆ ಕೊಟ್ಟರೆ, ಕಣ್ಣು ಮುಚ್ಚಿಕೊಂಡೇ "ಅಸಿಯೇ, ಕೊಡು" ಎನ್ನುತ್ತಿದ್ದಳು. ಈಗಲೂ ಯಾರಿಗಾದರೂ ಎಡಗೈಯಲ್ಲಿ ಏನಾದರೂ ಕೊಡುವಾಗ "ಮಿಯಾ ಲೋ" ತುಟಿಗೆ ಬರುತ್ತದೆ. ಅಂದು, ಉತ್ತರಕ್ಕೆ ಕಾಯುತ್ತೇನೆ. ತಗೊಂಡವರು ತಗೊಂಡು ಹೋಗುತ್ತಾರೆ.

ಆ ಚಳಿಗಾಲ ನಿಮ್ಮ ಊರಿನ ಸ್ಟೇಷನ್ನಿನಲ್ಲೂ ಇಂಥ ಸಿಪಾಯಿಗಳು ತಂಗಿದ್ದರೆ, ನಿಮಗೆ ಈ ಭಾಷೆಯ ನಾಲ್ಕು ಮಾತು ಗೊತ್ತಿದ್ದರೆ, ನಾನು ಬರೆದದ್ದರಲ್ಲಿ ತಪ್ಪಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ದಯವಿಟ್ಟು ಒಂದು ಕಾರ್ಡು ಬರೆಯಿರಿ. ಮೂವತ್ತೊಂದು ಇನ್ನೂ ಇಳಿಯುವ ಮುಂಚೆ ಬರೆಯಿರಿ.

ಇಷ್ಟನ್ನೂ ಎಡಗೈಯಲ್ಲೇ ಬರೆದಿದ್ದೇನೆ. ಮಿಯಾ ಲೋ.