ಆಂಬುಲೆನ್ಸಿನಲ್ಲಿ ನಾರಾಯಣ

ನನ್ನದು ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ನೋಡಿಕೊಳ್ಳುವ ಹನ್ನೆರಡು ಗಂಟೆಯ ಡ್ಯೂಟಿ. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಕಣ್ಣು ತಾನಾಗಿ ಎಳೆಯುತ್ತದೆ. ಟೀ ನನಗೆ ಒಗ್ಗುವುದಿಲ್ಲ. ಅದಕ್ಕೇ ನಾರಾಯಣ, ನಾರಾಯಣ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿರುತ್ತೇನೆ. ಅವನೇ ಎಚ್ಚರ ಇಡುತ್ತಾನೆ.

ಅವತ್ತು ನಾಟ್ರಾಂಪಾಳ್ಯದಿಂದ ಎದೆನೋವಿನ ರೈತರೊಬ್ಬರನ್ನು ಹೊಸೂರಿಗೆ ಕರೆತರುತ್ತಿದ್ದೆವು. ಅವರ ತಲೆಯ ಬಳಿ ಕೂತು, ಕೈಯ ನಾಡಿ ನೋಡುತ್ತಾ ನಾಮ ಹೇಳುತ್ತಿದ್ದೆ. ಎದುರಿಗಿದ್ದ ಅವರ ಹೆಂಡತಿ ಇದ್ದಕ್ಕಿದ್ದಂತೆ ಅಳತೊಡಗಿದರು.

“ಕಿವಿತಾವ ನಾರಾಯಣ ಅಂತ ಯಾಕ್ ಹೇಳ್ತೀಯ ಸಾಮಿ? ನಮ್ಮತ್ತೆ ಜೀವ ಬಿಡೋವಾಗ ಅವ್ರ ಕಿವೀಲೂ ಹಿಂಗೇ ಹೇಳಿದ್ರು.”

ನಾನು ಕಂಗಾಲಾದೆ. “ಇಲ್ಲಮ್ಮ, ನಂಗೆ ನಿದ್ದೆ ಬರ್ದಿರ್ಲಿ ಅಂತ ಹೇಳ್ಕೊತೀನಿ” ಎಂದೆ.

“ನಿದ್ದೆ ಬೇರೆ ಬತ್ತೈತಾ ನಿಂಗೆ?” ಎಂದು ಆಕೆ ಇನ್ನೂ ಹೆದರಿದರು. ನಾನು ಬಾಯಿ ಮುಚ್ಚಿದೆ.

ಆಗ ರೋಗಿ ಮಾಸ್ಕ್ ಸರಿಸಿ, “ಯಾಕ್ ನಿಲ್ಲಿಸ್ಬುಟ್ಟೆ? ನನ್ ಕತೆ ಮುಗೀತಾ?” ಎಂದರು. ನಾಡಿ ಓಡತೊಡಗಿತು. ಹೇಳಿದರೆ ಹೆಂಡತಿ ಅಳುತ್ತಾರೆ, ನಿಲ್ಲಿಸಿದರೆ ಗಂಡ ಹೆದರುತ್ತಾರೆ.

ಕೊನೆಗೆ ಆಕೆಯೇ ಕಣ್ಣೊರೆಸಿಕೊಂಡು, “ಹೇಳು ಸಾಮಿ, ಆದ್ರೆ ಇವ್ರ ಕಾಲ್ತಾವ ಕೂತ್ಕೊಂಡು ಹೇಳು” ಎಂದರು.

ಹೊಸೂರಿನವರೆಗೂ ಹಾಗೇ ಹೇಳಿದೆ. ನಾಡಿ ಪಾದದಲ್ಲೂ ಸಿಗುತ್ತದೆ, ದೇವರ ದಯೆ. ಆಸ್ಪತ್ರೆಯಲ್ಲಿ ಅವರ ಜೀವ ಉಳಿಯಿತು.

ಈಗ ರೋಗಿಯ ಕಡೆಯವರು ಗಾಡಿ ಹತ್ತುವಾಗಲೇ, ಈ ನಾಮ ನನಗೆ ನಿದ್ದೆ ಬಾರದಿರಲಿಕ್ಕೆ, ರೋಗಿಗಲ್ಲ ಎಂದು ಹೇಳಿಬಿಡುತ್ತೇನೆ. ಯಾಕೋ, ಅದರಿಂದ ಯಾರಿಗೂ ಸಮಾಧಾನ ಆಗಿದ್ದನ್ನು ನಾನು ಕಂಡಿಲ್ಲ.