ಆಯುಧಪೂಜೆಯ ದಿನ ಕಡಲಾಮೆಯ ರಕ್ತ

ಅಥವಾ ಆ ಚೆಂಡುಹೂವಿನ ಹಾರ ಫ್ರೀಜರಿನ ಮೇಲೆ ಇರಲೇ ಇಲ್ಲವೇನೋ. ಸಿಟ್ಟಿನಲ್ಲಿ ನಾನೇ ಆಮೇಲೆ ನೆನಪಿನಲ್ಲಿ ತೊಡಿಸಿರಬಹುದು. ಸ್ವಿಚ್ಚಿನ ಪಕ್ಕ ನಾನು ಅಂಟಿಸಿದ್ದ ‘ಆರಿಸಬೇಡಿ’ ಚೀಟಿಯ ನಟ್ಟನಡುವೆ ಕುಂಕುಮ ಇಟ್ಟಿದ್ದು ಮಾತ್ರ ನಿಜ. ಚೀಟಿ ಇನ್ನೂ ಅಲ್ಲೇ ಇದೆ, ಕಲೆಯೂ ಇದೆ.

ನಮ್ಮ ಪ್ರಯೋಗಾಲಯ ಕುಂದಾಣದ ರಸ್ತೆಯಲ್ಲಿ, ದ್ರಾಕ್ಷಿ ತೋಟವೊಂದಕ್ಕೆ ಅಂಟಿಕೊಂಡಿದೆ. “ಇಲ್ಲಿ ಕೆರೇಲೇ ನೀರಿಲ್ಲ, ನೀವು ಕಡಲಾಮೆ ಸಾಕ್ತೀರಾ ಮೇಡಂ?” ಎಂದು ಟೀ ಅಂಗಡಿಯವನು ಕಿಚಾಯಿಸುತ್ತಿದ್ದ. ಸಾಕುತ್ತಿರಲಿಲ್ಲ. ಕರಾವಳಿಯಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಿಂದ ಒಂದೊಂದು ಹನಿ ರಕ್ತ ತೆಗೆದು, ಮರಿಗಳನ್ನು ಸಮುದ್ರಕ್ಕೆ ಬಿಟ್ಟು, ರಕ್ತವನ್ನಷ್ಟೇ ತಂದಿದ್ದೆ. ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಗೂಡಿನ ಮರಳಿನ ಬಿಸಿ. ಬಿಸಿ ಏರಿದರೆ ಹೆಣ್ಣು. ಆ ಸಲ ಕಾದ ಮರಳಿನಲ್ಲಿ ಒಂದಾದರೂ ಗಂಡು ಹುಟ್ಟಿತೇ? ಗಂಡು ಮರಿಯ ರಕ್ತದಲ್ಲಿ ಮಾತ್ರ ಕಾಣುವ ಒಂದು ಪ್ರೋಟೀನು ಅದನ್ನು ಹೇಳಬೇಕಿತ್ತು.

ಆಯುಧಪೂಜೆಗೆ ನಾನು ರಜೆಯಲ್ಲಿದ್ದೆ. ಮರಳಿ ಬಂದು ಫ್ರೀಜರ್ ತೆರೆದರೆ, ಮಲಗಿಸಿಟ್ಟಿದ್ದ ನಳಿಕೆಗಳೆಲ್ಲ ಎದ್ದು ನಿಂತಿದ್ದವು. ನಳಿಕೆಯ ಒಳಬದಿಗೆ ಅಂಟಿ ಹೆಪ್ಪುಗಟ್ಟಿದ್ದ ರಕ್ತದ ಹನಿಗಳು ಕರಗಿ, ತಳಕ್ಕಿಳಿದು, ಮತ್ತೆ ಗಟ್ಟಿಯಾಗಿದ್ದವು.

ಆಡಳಿತಾಧಿಕಾರಿಯ ಕೋಣೆಗೆ ನುಗ್ಗಿದೆ. ಅವರು ಪ್ರಸಾದದ ಮಂಡಕ್ಕಿ ತಿನ್ನುತ್ತಿದ್ದರು.

“ಏನಮ್ಮಾ, ಪೂಜೆ ದಿನ ಮಿಷನ್ ಓಡಿಸ್ತಾರಾ ಯಾರಾದ್ರೂ? ಎಲ್ಲಾ ಒರೆಸಿ, ಒಳಗಿನ ಟ್ಯೂಬುಗಳ್ನ ನೆಟ್ಟಗೆ ನಿಲ್ಸಿ, ಕುಂಕುಮ ಇಟ್ಟು, ರೆಸ್ಟ್ ಕೊಟ್ವಿ. ಆಮೇಲೆ ನಾನೇ ಆನ್ ಮಾಡ್ದೆ.”

“ನಿಮ್ಮನೆ ಫ್ರಿಜ್ಜಿಗೂ ರೆಸ್ಟ್ ಕೊಟ್ರಾ ಸರ್?”

“ಅಯ್ಯೋ, ಅದ್ರಲ್ಲಿ ಹಾಲಿತ್ತಲ್ಲಮ್ಮಾ!”

ಈ ಉತ್ತರವನ್ನು ನಾನು ಕಟ್ಟಿಕೊಂಡಿಲ್ಲ. ನನ್ನ ನೆನಪಿನ ಮೇಲೆ ಎಷ್ಟೇ ಅನುಮಾನವಿದ್ದರೂ, ಇಂಥದ್ದನ್ನು ಕಟ್ಟುವಷ್ಟು ಕಲ್ಪನೆ ನನಗಿಲ್ಲ.

ಆದರೂ ಪರೀಕ್ಷೆ ಮಾಡಿದೆ. ಯಾವ ಹನಿಯಲ್ಲೂ ಪ್ರೋಟೀನಿನ ಗುರುತು ಮೂಡಲಿಲ್ಲ.

“ಹಂಗಾದ್ರೆ ಎಲ್ಲಾ ಹೆಣ್ಣು ಅಂತ ಬರ್ದು ಕಳಿಸ್ಬಿಡಿ. ಮುಗೀತಲ್ಲ,” ಎಂದರು ಆಡಳಿತಾಧಿಕಾರಿ. ಮನೆಯಲ್ಲಿ ಕೆಟ್ಟ ಹಾಲನ್ನು ಬೆಕ್ಕಿಗೂ ಹಾಕದ ಮನುಷ್ಯ! ಅದನ್ನು ಅವರ ಮುಖಕ್ಕೇ ಹೇಳಿದೆನೋ, ಮೆಟ್ಟಿಲಿಳಿಯುತ್ತ ಗೊಣಗಿದೆನೋ.

ಬರೆಯಲಿಲ್ಲ. ಮರಿಗಳೆಲ್ಲ ಹೆಣ್ಣಾಗಿದ್ದರೂ ಆ ಗುರುತು ಮೂಡುವುದಿಲ್ಲ, ರಕ್ತ ಕೆಟ್ಟಿದ್ದರೂ ಮೂಡುವುದಿಲ್ಲ. ಇನ್ನೊಂದು ಹನಿ ಕೇಳೋಣವೆಂದರೆ ಆ ಮರಿಗಳು ಯಾವ ನೀರಿನಲ್ಲಿವೆಯೋ. ಅವುಗಳಲ್ಲಿ ಒಂದಾದರೂ ಗಂಡಿತ್ತೇ? ನನಗೆ ಗೊತ್ತಿಲ್ಲ.